ಬಳೆಯಿಲ್ಲದ ಕೈ

ಬೆಂಗಳೂರಿನ ಬಳೇಪೇಟೆಗೆ ಬಳೆಯಿಂದಲೇ ಹೆಸರು. ಅಲ್ಲಿಂದ ಮಾರುಕಟ್ಟೆಯತ್ತ ನಡೆದರೆ 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ. ಅದರ ಮಗ್ಗುಲಲ್ಲೇ 1935ರ ವಾಣಿವಿಲಾಸ ಹೆರಿಗೆ ಆಸ್ಪತ್ರೆ. ಸೀಮಂತದ ಹಸಿರು ಬಳೆ ತೊಟ್ಟು ಬಂದ ಬಸುರಿಯ ಕೂಸನ್ನು ಮೊದಲು ಹಿಡಿಯುವ ನರ್ಸಿನ ಕೈಯಲ್ಲಿ ಮಾತ್ರ ಬಳೆ ಇರಬಾರದು.

ಬರಿಗೈ ಅಶುಭವೆಂದು ಕೇಳಿ ಬೆಳೆದ ನಮಗೆ ಇದು ಕಸಿವಿಸಿಯೇ. ಆದರೆ ವಿಯೆನ್ನಾದ ಕಥೆ ಕೇಳಿ. 1846ರಲ್ಲಿ ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಸೂಲಗಿತ್ತಿಯರ ವಾರ್ಡಿನಲ್ಲಿ 100ಕ್ಕೆ 3ಕ್ಕಿಂತ ಕಡಿಮೆ ಬಾಣಂತಿಯರು ಸತ್ತರೆ, ವೈದ್ಯರ ವಾರ್ಡಿನಲ್ಲಿ 11 ಮಂದಿ! ವೈದ್ಯರು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. ಮರುವರ್ಷ ಡಾ. ಸೆಮ್ಮೆಲ್‌ವೈಸ್ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದರು. 1848ರ ಹೊತ್ತಿಗೆ ಎರಡೂ ವಾರ್ಡುಗಳ ಸಾವು ಸರಿಸಮವಾಗಿ ಇಳಿದಿತ್ತು.

ಬಳೆಯ ಸಂದಿಯ ಕೊಳೆ ಸೋಪಿಗೆ ಸುಲಭವಾಗಿ ಸಿಗದು. ವಾರ್ಡಿನಲ್ಲಿ ನರ್ಸ್ ಒಬ್ಬಳು, ಕರೆಯುವವರು ಹತ್ತು ಮಂದಿ. ನೋವೆಂದು ಕೂಗುವವಳಿಗಿಂತ ಮೊದಲು, ಸದ್ದಿಲ್ಲದೆ ರಕ್ತ ಹೋಗುತ್ತಿರುವವಳನ್ನು ಅವಳು ಗುರುತಿಸಬೇಕು. ಆ ಅವಸರದಲ್ಲೂ ಮಂಚದಿಂದ ಮಂಚಕ್ಕೆ ಹೋಗುವಾಗ ಕೈ ತೊಳೆಯಬೇಕು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೈಶುದ್ಧಿಯ ಐದು ಸಂದರ್ಭಗಳನ್ನು ಹೇಳಿತು. ರೋಗಿಯನ್ನು ಮುಟ್ಟುವ ಮೊದಲಿನದೇ ಅದರಲ್ಲಿ ಒಂದನೆಯದು.

ಕೆಲಸಕ್ಕೆ ಹೊರಟ ನರ್ಸ್ ಸೊಸೆಗೆ ಬಳೆ ತೆಗೆಯಬೇಡವೆನ್ನುವ ಅತ್ತೆಯರು ಇದನ್ನು ತಿಳಿಯಬೇಕು. ಬಾಣಂತಿಯೊಬ್ಬಳು ಬಳೆ ಸದ್ದು ಮಾಡುತ್ತ, ಮಗುವನ್ನೆತ್ತಿಕೊಂಡು ಮನೆಗೆ ಹೋಗಲೆಂದೇ ಈಕೆಯ ಕೈ ಬರಿದಾಗಿರುವುದು.