ಸಣ್ಣ ಮರಗಪ್ಪೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ
ಪಶ್ಚಿಮ ಘಟ್ಟಗಳಿಗೆ ಮಾತ್ರ ಸೀಮಿತವಾದ ಸಣ್ಣ ಮರಗಪ್ಪೆಯ ವೈಜ್ಞಾನಿಕ ಹೆಸರು ರಾಕೋಫೊರಸ್ ಲ್ಯಾಟರಾಲಿಸ್. ಇದನ್ನು 1883ರಲ್ಲಿ ಬೌಲೆಂಜರ್ ಅವರು ವಿವರಿಸಿದರು. ಕರ್ನಾಟಕದ ಕೊಡಗು ಹಾಗೂ ಕೇರಳದ ವಯನಾಡು ಪ್ರದೇಶಗಳಲ್ಲಿ ಇದು ಕಂಡುಬರುತ್ತದೆ.

ಗುರುತಿಸುವ ಲಕ್ಷಣಗಳು
1. ದೇಹದ ಉದ್ದ ಸುಮಾರು 3 ಸೆಂ.ಮೀ.; ಹೆಣ್ಣು ಗಂಡಿಗಿಂತ ತುಸು ದೊಡ್ಡದು.
2. ಬೆನ್ನು ಸಾಮಾನ್ಯವಾಗಿ ಹಸಿರು. ಕೆಲವೊಮ್ಮೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ.
3. ದೇಹದ ಎರಡೂ ಪಕ್ಕಗಳಲ್ಲಿ ಹಳದಿ ಗೆರೆ ಇರುತ್ತದೆ. ಇದೇ ಮುಖ್ಯ ಗುರುತು.
4. ಬೆರಳ ತುದಿಗಳು ಅಗಲವಾದ ಬಿಲ್ಲೆಯಂತಿದ್ದು, ಎಲೆಗಳನ್ನು ಹಿಡಿದುಕೊಳ್ಳಲು ನೆರವಾಗುತ್ತವೆ.

ರೋಣ ತಾಲ್ಲೂಕಿನ ಹೊಳೆಮಣ್ಣೂರಿನಂತಹ ಬಯಲುಸೀಮೆಯ ಗ್ರಾಮಗಳಲ್ಲಿ ಈ ಪ್ರಭೇದವಿರುವುದಿಲ್ಲ. ಬಯಲುಸೀಮೆಯ ಮನೆಗಳ ಒಳಗೂ ಬರುವ ಕಂದು ಮರಗಪ್ಪೆಯು ಪಾಲಿಪೆಡೇಟಿಸ್ ಮ್ಯಾಕ್ಯುಲೇಟಸ್ ಎಂಬ ಬೇರೆ ಪ್ರಭೇದ. ಅದು ಗಾತ್ರದಲ್ಲಿ ದೊಡ್ಡದು. ತೊಡೆಯ ಹಿಂಭಾಗದಲ್ಲಿ ಹಳದಿ ಚುಕ್ಕೆಗಳಿರುತ್ತವೆ. ಎರಡೂ ನಿರುಪದ್ರವಿಗಳು.

ಸಂತಾನೋತ್ಪತ್ತಿ
ಮಳೆಗಾಲದಲ್ಲಿ ನೀರಿನ ಮೇಲೆ ಚಾಚಿದ ಎಲೆಯ ಮೇಲೆ ಮೊಟ್ಟೆಗಳನ್ನು ಇಡಲಾಗುತ್ತದೆ. ಹೆಣ್ಣು ಕಪ್ಪೆಯು ಒಂದೇ ಎಲೆಯ ಅಂಚುಗಳನ್ನು ಕಾಲುಗಳಿಂದ ಸೇರಿಸಿ ಚೀಲದಂತೆ ಮಡಚುತ್ತದೆ. ಇದರಿಂದ ಮೊಟ್ಟೆಗಳು ಒಣಗುವುದಿಲ್ಲ. ಮರಿಗಳು ಹೊರಬಂದು ಕೆಳಗಿನ ನೀರಿಗೆ ಬೀಳುತ್ತವೆ. ಈ ವರ್ತನೆಯನ್ನು 2009ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಲಾಯಿತು.

ಸಂರಕ್ಷಣೆ
2004ರ ಅಂತಾರಾಷ್ಟ್ರೀಯ ಮೌಲ್ಯಮಾಪನದಲ್ಲಿ ಇದನ್ನು ಅಪಾಯಕ್ಕೊಳಗಾದ ಪ್ರಭೇದವೆಂದು ಪರಿಗಣಿಸಲಾಯಿತು. ಗೂಡಿನ ಕೆಳಗಿನ ಹೊಂಡವನ್ನು ಮುಚ್ಚಿದರೆ ಅಥವಾ ನೀರಿಗೆ ಕೀಟನಾಶಕ ಸೇರಿದರೆ ಮರಿಗಳಿಗೆ ಉಳಿಗಾಲವಿಲ್ಲ. ಆದುದರಿಂದ ತೋಟದ ಮಾಲೀಕರು ಮಳೆಗಾಲದಲ್ಲಿ ಹೊಂಡದ ಅಂಚಿನ ಗಿಡಗಳನ್ನು ಕತ್ತರಿಸದೆ, ಮಡಚಿದ ಎಲೆಗಳನ್ನು ಹಾಗೆಯೇ ಬಿಡತಕ್ಕದ್ದು.

ಅರ್ಜಿದಾರರ ಗಮನಕ್ಕೆ
ಅ) ವನ್ಯಜೀವಿ ಧಾಮದೊಳಗೆ ಛಾಯಾಚಿತ್ರಣ ಅಥವಾ ಅಧ್ಯಯನಕ್ಕಾಗಿ ಪ್ರವೇಶಿಸಲು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಕಲಂ 28ರಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಅವಶ್ಯಕ.
ಆ) ತಮ್ಮ ಗ್ರಾಮದಲ್ಲಿ ಕಂಡ ಕಪ್ಪೆಗಳ ವಿವರವನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಲು ಇಚ್ಛಿಸುವವರು, ಜೀವವೈವಿಧ್ಯ ಅಧಿನಿಯಮ, 2002ರ ಕಲಂ 41ರಡಿ ರಚಿತವಾದ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಬರವಣಿಗೆಯಲ್ಲಿ ತಿಳಿಸಬಹುದು. ಕಂಡ ಸ್ಥಳ, ದಿನಾಂಕ ಮತ್ತು ಛಾಯಾಚಿತ್ರವನ್ನು ಲಗತ್ತಿಸುವುದು ಒಳಿತು.
ಇ) ಗುರುತಿಸುವ ಸಲುವಾಗಿ ಕಪ್ಪೆಯನ್ನಾಗಲೀ ಗೂಡನ್ನಾಗಲೀ ಕಿತ್ತು ಕಚೇರಿಗೆ ತರಬಾರದು, ಛಾಯಾಚಿತ್ರವೇ ಸಾಕು.