ಬೆತ್ತ ಕೆಳಗಿಟ್ಟ ಕಥೆ

ಕೆಲವು ತಿಂಗಳ ಹಿಂದೆ ಹಳೆಯ ವಿದ್ಯಾರ್ಥಿಗಳು ಏರ್ಪಡಿಸಿದ್ದ ಗುರುವಂದನೆಗೆ ಹೋಗಿದ್ದೆ. ಒಬ್ಬ ಶಿಷ್ಯ ವೇದಿಕೆಯೇರಿ, "ಮೇಷ್ಟ್ರು ಅಂದು ಹುಣಸೆ ಬರಲಿನಲ್ಲಿ ಬಾರಿಸದೆ ಇದ್ದಿದ್ದರೆ ನಾನು ಇಂಜಿನಿಯರ್ ಆಗುತ್ತಿರಲಿಲ್ಲ" ಎಂದ. ಸಭೆ ಚಪ್ಪಾಳೆ ತಟ್ಟಿತು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಮಾತು ಮನಸ್ಸನ್ನು ಕೊರೆಯತೊಡಗಿತು. ಗುರುವಂದನೆಗೆ ಬರುವವರು ಏಟು ತಿಂದೂ ಶಾಲೆಯಲ್ಲಿ ಉಳಿದವರು. ಏಟಿಗೆ ಹೆದರಿ ಶಾಲೆ ಬಿಟ್ಟವರು ಅಲ್ಲಿ ಮಾತನಾಡಲು ಬರುವುದಿಲ್ಲ. ಅವರ ಸಾಕ್ಷಿಯನ್ನು ಕೇಳದೆಯೇ ನಾವು ಬೆತ್ತಕ್ಕೆ ಪ್ರಶಸ್ತಿ ಕೊಡುತ್ತಿದ್ದೇವೆ. ಈ ಲೇಖನ ಬರೆಯಲು ಅದೇ ಕಾರಣ.

ನಮ್ಮ ನಾಡಿನಲ್ಲಿ ಬೆತ್ತದ ಇತಿಹಾಸ ದೀರ್ಘವಾದದ್ದು. ಹಿಂದಿನ ಕೂಲಿಮಠಗಳಲ್ಲಿ ಕೋದಂಡ ಹಾಕುವ ಶಿಕ್ಷೆಯಿತ್ತು. ಹುಡುಗನನ್ನು ಹಗ್ಗಕ್ಕೆ ಜೋತುಬೀಳಿಸುತ್ತಿದ್ದರು. ಸರ್ಕಾರಿ ಶಾಲೆಗಳು ಬಂದ ಮೇಲೆ ಕೋದಂಡ ಹೋಯಿತು. ನಾಗರಬೆತ್ತ, ಬಸ್ಕಿ, ಬೆಂಚಿನ ಮೇಲೆ ನಿಲ್ಲಿಸುವುದು ಉಳಿದವು. ನಾನು ಹುಡುಗನಾಗಿದ್ದಾಗ ತಿಂದದ್ದನ್ನೇ ಮೇಷ್ಟ್ರಾದ ಮೇಲೆ ಹಂಚಿದೆ. ತಂದೆತಾಯಿಗಳೂ "ಚರ್ಮ ಸುಲಿದರೂ ಪರವಾಗಿಲ್ಲ, ಬುದ್ಧಿ ಬರಲಿ ಸ್ವಾಮಿ" ಎಂದು ಒಪ್ಪಿಸಿ ಹೋಗುತ್ತಿದ್ದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ದೈಹಿಕ ದಂಡನೆಯನ್ನು ಶಿಕ್ಷಣ ವ್ಯವಸ್ಥೆಯಿಂದ ದೃಢವಾಗಿ ಹೊರಗಿಡಬೇಕೆಂದು ಹೇಳಿತು. ಆ ಮಾತನ್ನು ನಾವು ಓದಿದೆವು. ಬೆತ್ತ ಮಾತ್ರ ಮೇಜಿನ ಮೇಲೆಯೇ ಇತ್ತು.

ಆ ದಿನಗಳಲ್ಲಿ ನಾನು ಮಳವಳ್ಳಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಆರನೆಯ ತರಗತಿಯ ಹುಡುಗನೊಬ್ಬ ಒಂದು ವಾರ ಸತತವಾಗಿ ತಡವಾಗಿ ಬಂದ. ಬಂದವನು ತೂಕಡಿಸುತ್ತಿದ್ದ. ಐದನೆಯ ದಿನ ನನ್ನ ತಾಳ್ಮೆ ತೀರಿತು. ಅಂಗೈ ಚಾಚಿಸಿ ನಾಲ್ಕು ಏಟು ಕೊಟ್ಟೆ. ಹುಡುಗ ಅಳಲಿಲ್ಲ, ಒಂದು ಮಾತೂ ಆಡಲಿಲ್ಲ. ಮರುದಿನ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ. ತಿಂಗಳಾದ ಮೇಲೆ ಅವನ ತಾಯಿ ದಾರಿಯಲ್ಲಿ ಸಿಕ್ಕಿದಾಗ ಸಂಗತಿ ತಿಳಿಯಿತು. ಅವರ ಮನೆಯಲ್ಲಿ ರೇಷ್ಮೆ ಹುಳು ಕೊನೆಯ ಜ್ವರ ಕಳೆದು ಸೊಪ್ಪು ಮೇಯುವ ಕಾಲವದು. ನಸುಕಿನಲ್ಲೇ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು. ಹುಳು ಹಣ್ಣಾದರೆ ರಾತ್ರಿಯೆಲ್ಲ ಕುಳಿತು ಆಯ್ದು ಚಂದ್ರಿಕೆಗೆ ಬಿಡಬೇಕು. ಒಂದು ಹೊತ್ತು ತಪ್ಪಿದರೂ ಗೂಡು ಕೆಡುತ್ತದೆ, ವರ್ಷದ ಸಾಲ ಉಳಿಯುತ್ತದೆ. ತಂದೆ ಹಾಸಿಗೆ ಹಿಡಿದಿದ್ದರಿಂದ ಆ ಕೆಲಸ ಹುಡುಗನ ಪಾಲಿಗೆ ಬಂದಿತ್ತು. "ಅವನು ಬೆಂಗಳೂರಿಗೆ ಹೋದ ಸ್ವಾಮಿ, ಕೆಲಸಕ್ಕೆ" ಎಂದರು ಆ ತಾಯಿ. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು.

"ಏಕಪ್ಪ ತಡ?" ಎಂಬ ಎರಡು ಮಾತನ್ನು ನಾನು ಕೇಳಿರಲಿಲ್ಲ.

ಆ ಘಟನೆಯ ನಂತರವೂ ನಾನು ಒಮ್ಮೆಗೇ ಬದಲಾದೆನೆಂದು ಹೇಳಿದರೆ ಸುಳ್ಳಾದೀತು. ಪಶ್ಚಾತ್ತಾಪವಿತ್ತು, ಬೇರೆ ದಾರಿ ಗೊತ್ತಿರಲಿಲ್ಲ. ದಾರಿ ತೋರಿದ್ದು ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ, ಅಂದರೆ ನಾವೆಲ್ಲ ಡಿ.ಪಿ.ಇ.ಪಿ. ಎಂದು ಕರೆಯುತ್ತಿದ್ದ ಕಾರ್ಯಕ್ರಮ. 1994ರಲ್ಲಿ ದೇಶದಲ್ಲಿ ಆರಂಭವಾದ ಈ ಯೋಜನೆಯ ಮೊದಲ ಹಂತಕ್ಕೆ ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ನಾಲ್ಕೇ: ಬೆಳಗಾವಿ, ಕೋಲಾರ, ರಾಯಚೂರು ಮತ್ತು ನಮ್ಮ ಮಂಡ್ಯ. ಜಿಲ್ಲೆಗೊಂದು ಡಯಟ್, ತಾಲ್ಲೂಕಿಗೊಂದು ಸಂಪನ್ಮೂಲ ಕೇಂದ್ರ, ಅದರ ಕೆಳಗೆ ಹಲವು ಶಾಲೆಗಳನ್ನು ಕೂಡಿಸಿದ ಸಮೂಹ ಸಂಪನ್ಮೂಲ ಕೇಂದ್ರ. ಹೀಗೆ ಶಿಕ್ಷಕರ ಬೆನ್ನಿಗೆ ನಿಲ್ಲುವ ಒಂದು ವ್ಯವಸ್ಥೆ ರೂಪುಗೊಂಡಿತು.

ಅಲ್ಲಿಯವರೆಗೆ ಶಾಲೆಗೆ ಹೊರಗಿನಿಂದ ಬರುತ್ತಿದ್ದವರು ಇನ್ಸ್‌ಪೆಕ್ಟರು. ಅವರು ಬಂದರೆ ತಪ್ಪು ಹುಡುಕುತ್ತಿದ್ದರು. ನಾವು ತಪ್ಪು ಮುಚ್ಚುತ್ತಿದ್ದೆವು. ಸಿ.ಆರ್.ಪಿ. ಎಂದು ಬಂದವರಾದರೋ ನಮ್ಮಂತೆಯೇ ಶಿಕ್ಷಕರು. ನಮ್ಮ ಶಾಲೆಗೆ ಬಂದವರು ಒಂದು ದಿನ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕುಳಿತು ನನ್ನ ಪಾಠ ನೋಡಿದರು. ಬಯ್ದದ್ದಕ್ಕೊಂದು ಗೀಟು, ಮೆಚ್ಚಿದ್ದಕ್ಕೊಂದು ಗೀಟು ಹಾಳೆಯ ಮೇಲೆ ಎಳೆದಿದ್ದರು. ಪಾಠ ಮುಗಿದ ಮೇಲೆ ಏನೂ ಹೇಳದೆ ಆ ಹಾಳೆಯನ್ನು ನನ್ನ ಕೈಗಿತ್ತರು. ಒಂದು ಸಾಲು ತುಂಬಿತ್ತು. ಇನ್ನೊಂದು ಖಾಲಿ. ನನ್ನ ವೃತ್ತಿಜೀವನದಲ್ಲಿ ಅದಕ್ಕಿಂತ ದೊಡ್ಡ ಏಟು ನನಗೆ ಬಿದ್ದಿಲ್ಲ.

ತಿಂಗಳ ಸಮಾಲೋಚನಾ ಸಭೆಯಲ್ಲಿ ಅದನ್ನೇ ಚರ್ಚೆಗೆ ಇಟ್ಟೆವು. ಒಬ್ಬ ಮೇಷ್ಟ್ರು ಬೆತ್ತ ಬಿಟ್ಟು ಪಕ್ಕದ ಕೊಠಡಿಯವರು ಹಿಡಿದಿದ್ದರೆ ಬಿಟ್ಟವರ ಕೊಠಡಿಯಲ್ಲಿ ಗಲಾಟೆ ಹೆಚ್ಚುತ್ತದೆ. ಆದ್ದರಿಂದ ಇಡೀ ಶಾಲೆ ಒಟ್ಟಾಗಿ ಬಿಡಬೇಕು ಎಂಬುದು ಅಲ್ಲಿ ಹೊಳೆದ ಸತ್ಯ. ನಾವು ಐವರು ಶಿಕ್ಷಕರು ಕುಳಿತು ಮೂರೇ ನಿಯಮ ಮಾಡಿದೆವು: ಹೊತ್ತಿಗೆ ಬರುವುದು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳುವುದು, ಯಾರ ಮೇಲೂ ಕೈ ಮಾಡದಿರುವುದು. ಮೂರನೆಯದು ಮೇಷ್ಟ್ರಿಗೂ ಅನ್ವಯ. ನಿಯಮವನ್ನು ಗೋಡೆಗೆ ಬರೆದು ಸುಮ್ಮನಾಗಲಿಲ್ಲ. ಪಾಠ ಕಲಿಸಿದಂತೆ ಆಡಿಸಿ ತೋರಿಸಿ ಕಲಿಸಿದೆವು. ಪಾಲಿಸಿದವರನ್ನು ಪ್ರಾರ್ಥನೆಯ ವೇಳೆ ಹೆಸರು ಹಿಡಿದು ಮೆಚ್ಚಿದೆವು. ಮೂರು ದಿನ ತಡವಾದವನ ಮನೆಗೆ ನಮ್ಮಲ್ಲೊಬ್ಬರು ಹೋಗಿ ಬರಬೇಕೆಂಬುದು ಕಟ್ಟಳೆ. ಹೋದಾಗಲೆಲ್ಲ ಕಂಡದ್ದು ಸೊಪ್ಪು, ಆಲೆಮನೆ, ಎಮ್ಮೆ, ಚಿಕ್ಕ ತಂಗಿಯ ತೊಟ್ಟಿಲು. ದುಷ್ಟ ಹುಡುಗ ಸಿಕ್ಕಿದ್ದು ಬಹಳ ಅಪರೂಪ.

ಇದೇ ಕಾಲದಲ್ಲಿ, 1995ರಲ್ಲಿ, ನೆರೆಯ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಮೊಳೆಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ, ಮಕ್ಕಳು ಗುಂಪಿನಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕ್ರಮವನ್ನು ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು. ಕೈಗೆ ಕೆಲಸವಿರುವ ಮಗುವಿಗೆ ತಂಟೆ ಮಾಡಲು ಬಿಡುವೆಲ್ಲಿ! 2001ರಲ್ಲಿ ಎಸ್.ಡಿ.ಎಂ.ಸಿ.ಗಳು ರಚನೆಯಾಗಿ ಪೋಷಕರು ಶಾಲೆಯ ಒಳಗೆ ಬಂದರು. ಅಕ್ಷರ ದಾಸೋಹ ಬಂದ ಮೇಲೆ ಮಧ್ಯಾಹ್ನದ ಜಗಳಗಳು ಕಡಿಮೆಯಾದುದನ್ನು ನಾನು ಕಣ್ಣಾರೆ ಕಂಡೆ. ಹಸಿವನ್ನೂ ನಾವು ಪುಂಡಾಟವೆಂದೇ ತಿಳಿದಿದ್ದೆವು. ಕೊನೆಗೆ 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದು, ಅದರ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಚುಚ್ಚು ಮಾತೂ ಏಟೇ ಎಂದು ಕಾನೂನು ಒಪ್ಪಿಕೊಂಡಿತು.

ಅಮೆರಿಕದಲ್ಲಿ ಶಿಕ್ಷಕಿಯಾಗಿರುವ ನನ್ನ ಸೋದರ ಸೊಸೆ ಅಲ್ಲಿನ ಒಂದು ಪದ್ಧತಿಯನ್ನು ವಿವರಿಸಿದಳು. ಆರೆಗಾನ್ ವಿಶ್ವವಿದ್ಯಾಲಯದ ವಿದ್ವಾಂಸರು ಬೆಳೆಸಿದ ಆ ಪದ್ಧತಿಯಲ್ಲಿ ಪ್ರತಿ ಶಾಲೆಯಲ್ಲೂ ಶಿಕ್ಷಕರ ಒಂದು ತಂಡ, ತಂಡಕ್ಕೊಬ್ಬ ತರಬೇತುದಾರ. ಎಲ್ಲ ಮಕ್ಕಳಿಗೂ ಒಂದೇ ನಡವಳಿಕೆಯ ಪಾಠ, ಕೆಲವರಿಗೆ ಹೆಚ್ಚಿನ ಆಸರೆ, ತೀರ ಕಷ್ಟದಲ್ಲಿರುವ ಬೆರಳೆಣಿಕೆಯ ಮಕ್ಕಳಿಗೆ ಪ್ರತ್ಯೇಕ ಗಮನ. ನಾವು ಅವರಿಗೆ ಸಮಾನರೆಂಬ ಉದ್ಧಟತನ ನನಗಿಲ್ಲ. ಆದರೆ ಅವಳ ಮಾತು ಕೇಳುತ್ತಿದ್ದಂತೆ ನಮ್ಮ ಸಮಾಲೋಚನಾ ಸಭೆಯ ಜಮಖಾನ ಕಣ್ಣ ಮುಂದೆ ಬಂತು.

ಎಲ್ಲವೂ ಸರಿಹೋಯಿತೆನ್ನಲಾರೆ. ಬರಬರುತ್ತ ಸಿ.ಆರ್.ಪಿ.ಗಳು ಅಂಕಿಅಂಶದ ನಮೂನೆಗಳನ್ನು ಹೊತ್ತು ತಿರುಗುವವರಾದರು; ಹಿಂದಿನ ಸಾಲಿನಲ್ಲಿ ಕುಳಿತು ಪಾಠ ನೋಡುವ ಬಿಡುವು ಅವರಿಗೆ ಉಳಿಯಲಿಲ್ಲ. ಕಾನೂನು ಬೆತ್ತವನ್ನು ಕಿತ್ತುಕೊಳ್ಳಬಲ್ಲದು. ಬದಲಿಗೆ ಏನು ಹಿಡಿಯಬೇಕೆಂಬುದನ್ನು ಪಕ್ಕದಲ್ಲಿ ಕುಳಿತ ಒಬ್ಬ ಸಹೋದ್ಯೋಗಿಯೇ ಕಲಿಸಬೇಕು.

ನನ್ನ ಶಿಷ್ಯರಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ಎಲ್ಲರೂ ತಂದೆತಾಯಿಗಳಾಗಿದ್ದೀರಿ. ನನ್ನ ಏಟಿನಿಂದ ಉದ್ಧಾರವಾದೆವೆಂದು ದಯವಿಟ್ಟು ಹೇಳಬೇಡಿ. ನೀವು ಉದ್ಧಾರವಾದದ್ದು ನಿಮ್ಮ ಶ್ರಮದಿಂದ, ನಿಮ್ಮ ತಾಯಂದಿರ ಹಟದಿಂದ. ಏಟಿಗಾಗಿ ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ. ಆ ರೇಷ್ಮೆ ಮನೆಯ ಹುಡುಗ ಯಾರೆಂದು ನಿಮ್ಮಲ್ಲಿ ಕೆಲವರಿಗೆ ಹೊಳೆದಿರಬಹುದು. ಈಗ ಅವನಿಗೂ ಐವತ್ತು ದಾಟಿರಬೇಕು. ಎಲ್ಲಿದ್ದಾನೆಂದು ತಿಳಿದಿದ್ದರೆ, ಮೇಷ್ಟ್ರು ಒಮ್ಮೆ ನೋಡಬೇಕೆನ್ನುತ್ತಿದ್ದಾರೆ ಎಂದು ಹೇಳಿ. ಅವನು ಬರಬೇಕಾಗಿಲ್ಲ; ಒಪ್ಪಿದರೆ ನಾನೇ ಹೋಗುತ್ತೇನೆ.