ಕಳೆದದ್ದೋ, ಕಳವಾದದ್ದೋ?

ನನ್ನ ಮೊಬೈಲಿಗೆ ಕರೆ ಹೋಗುತ್ತಿಲ್ಲವೆಂದು ಹಲವರು ಗಾಬರಿಯಿಂದ ಮಗನನ್ನು ವಿಚಾರಿಸಿದಿರಂತೆ. ನಾನು ಕ್ಷೇಮವಾಗಿದ್ದೇನೆ, ಇಲ್ಲವಾದದ್ದು ಫೋನು ಮಾತ್ರ. ಒಂದು ಸಂಕಷ್ಟಿಯ ಸಂಜೆ ಹೊಳಲ್ಕೆರೆಯ ಬಯಲು ಗಣಪತಿಯ ದರ್ಶನಕ್ಕೆ ಹೋಗಿದ್ದೆ. ಮೇಲ್ಛಾವಣಿಯಿಲ್ಲದ ಆ ಸನ್ನಿಧಿಯಲ್ಲಿ ಜನಸಂದಣಿ ಎಷ್ಟಿರುತ್ತದೆಂಬುದು ಊರಿನವರಿಗೆ ಗೊತ್ತು. ಮನೆಗೆ ಬಂದು ಜುಬ್ಬದ ಜೇಬಿಗೆ ಕೈಹಾಕಿದರೆ ಕನ್ನಡಕದ ಡಬ್ಬಿ ಇತ್ತು, ಮೊಬೈಲು ಇರಲಿಲ್ಲ.

ಮಗ ಅದನ್ನು ಕೊಳ್ಳುವಾಗಲೇ ವಿಮೆಯನ್ನೂ ಮಾಡಿಸಿದ್ದನಾದ್ದರಿಂದ ನಾನು ಅಷ್ಟೇನೂ ಚಿಂತಿಸಲಿಲ್ಲ. ಮರುದಿನವೇ ದೂರು ಬರೆದೆ. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವನ ಬರವಣಿಗೆ ಕೇಳಬೇಕೆ? "ನನ್ನ ಅಜಾಗರೂಕತೆಯಿಂದ ಸದರಿ ಫೋನು ಕಳೆದುಹೋಗಿದೆ" ಎಂದು ವಿನಯಪೂರ್ವಕವಾಗಿ ಬರೆದು ಸಹಿ ಮಾಡಿದೆ. ಅದರ ಪ್ರತಿಯನ್ನೇ ವಿಮಾ ಕಂಪನಿಗೂ ಕಳುಹಿಸಿದೆ. ಆರು ವಾರಗಳ ಬಳಿಕ ಉತ್ತರ ಬಂತು: ಪಾಲಿಸಿಯು ಕಳವಿಗೆ ಮಾತ್ರ ಅನ್ವಯಿಸುತ್ತದೆ, ಕಳೆದುಹೋದದ್ದಕ್ಕಲ್ಲ, ಅಜಾಗರೂಕತೆಯನ್ನು ತಾವೇ ಒಪ್ಪಿಕೊಂಡಿರುವುದರಿಂದ ಪರಿಹಾರ ಕೊಡಲು ಬರುವುದಿಲ್ಲ.

ಕಳೆ, ಕಳವು, ಕಳ್ಳ ಇವುಗಳನ್ನು ಕರಿಹಲಗೆಯ ಮೇಲೆ ಒಂದೇ ಸಾಲಿನಲ್ಲಿ ಬರೆದು ಅರ್ಥಭೇದ ಕೇಳುತ್ತಿದ್ದ ನನಗೇ ಈ ಪರೀಕ್ಷೆ ಬಂದಿತಲ್ಲ ಎಂದು ಮೊದಲು ನಗು ಬಂತು, ಆಮೇಲೆ ಸಿಟ್ಟೂ ಬಂತು. ಆದರೆ ಹಳೆಯ ಪುಸ್ತಕಗಳನ್ನು ತೆರೆದು ಕುಳಿತಾಗ, ಈ ಭೇದವನ್ನು ಕಂಪನಿಯವರು ಕಂಡುಹಿಡಿದದ್ದಲ್ಲವೆಂದು ತಿಳಿಯಿತು. ನಮ್ಮ ನೆಲದಲ್ಲಿಯೇ ಅದಕ್ಕೆ ಒಂಬೈನೂರು ವರ್ಷಗಳ ಚರಿತ್ರೆಯುಂಟು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಇಂದಿನ ಬಸವಕಲ್ಯಾಣದಲ್ಲಿ ಹುಟ್ಟಿದ ಈ ಗ್ರಂಥವನ್ನೇ ಆಧರಿಸಿ ಬ್ರಿಟಿಷರ ನ್ಯಾಯಾಲಯಗಳು ಹಿಂದೂ ದಾಯಭಾಗದ ವ್ಯಾಜ್ಯಗಳನ್ನು ತೀರ್ಮಾನಿಸಿದವು. ಆ ಸ್ಮೃತಿಯಲ್ಲಿ ನ್ಯಾಸದ, ಅಂದರೆ ನಂಬಿ ಒಬ್ಬರ ಬಳಿ ಇಟ್ಟ ವಸ್ತುವಿನ ಪ್ರಕರಣವೊಂದಿದೆ. ಇಟ್ಟುಕೊಂಡವನ ಬಳಿಯಿಂದ ಆ ವಸ್ತು ಅರಸನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋಯಿತಾದರೆ ಅವನು ತುಂಬಿಕೊಡಬೇಕಾಗಿಲ್ಲ. ಆದರೆ ಒಡೆಯನು ಕೇಳಿದಾಗ ಕೊಡದೆ ಇಟ್ಟುಕೊಂಡು, ಆಮೇಲೆ ಹೋಯಿತೆಂದರೆ ಬೆಲೆಯನ್ನೂ ತೆರಬೇಕು, ಅಷ್ಟೇ ದಂಡವನ್ನೂ ಕೊಡಬೇಕು. ಕಳ್ಳ ಒಯ್ದದ್ದು ಬೇರೆ, ಇಟ್ಟುಕೊಂಡವನ ತಪ್ಪಿನಿಂದ ಹೋದದ್ದು ಬೇರೆ ಎಂಬ ಗೆರೆಯನ್ನು ಅಲ್ಲಿಯೇ ಎಳೆಯಲಾಗಿದೆ.

ಅದೇ ಸ್ಮೃತಿಯಲ್ಲಿ ವಿಮೆಯ ಬೀಜವೂ ಇದೆಯೆಂದು ನನ್ನ ಅಭಿಪ್ರಾಯ. ಕಾಡುದಾರಿಯಲ್ಲಿ ವ್ಯಾಪಾರಕ್ಕೆ ಹೋಗುವ ಸಾಲಗಾರನಿಗೆ ತಿಂಗಳಿಗೆ ನೂರಕ್ಕೆ 10, ಸಮುದ್ರ ದಾಟುವವನಿಗೆ 20 ಬಡ್ಡಿ. ಅಸಲೇ ಮುಳುಗೀತೆಂಬ ಭಯಕ್ಕೆ ಕಟ್ಟಿದ ಬೆಲೆ ಅದು. ಇಂದು ಪ್ರೀಮಿಯಂ ಎನ್ನುವುದೂ ಅದನ್ನೇ ಅಲ್ಲವೆ?

ಇನ್ನು ಊರೊಳಗಿನ ಕಳವು. ಕೊಲೆಯಾದರೆ, ಕಳವಾದರೆ, ಕಳ್ಳನ ಜಾಡು ಊರಿನಿಂದ ಹೊರಗೆ ಹೋದದ್ದನ್ನು ತೋರಿಸಲಾಗದಿದ್ದರೆ, ಹೊಣೆ ಗ್ರಾಮದ ಒಡೆಯನದೆಂದು ಸ್ಮೃತಿ ಹೇಳುತ್ತದೆ. ವಿಜಯನಗರದ ಕಾಲದಲ್ಲಿಯೂ ಆಮೇಲೆ ಪಾಳೆಯಗಾರರ ಕಾಲದಲ್ಲಿಯೂ ದಕ್ಷಿಣದಲ್ಲಿ ನಡೆದುಬಂದ ಕಾವಲು ಪದ್ಧತಿಯ ತಿರುಳು ಇದೇ. ಊರಿನವರು ಕಾವಲುಗಾರನಿಗೆ ಬೆಳೆಯಲ್ಲಿ ಪಾಲು ಕೊಡಬೇಕು. ಕಳವಾದರೆ ಅವನು ಮಾಲು ಹುಡುಕಿಕೊಡಬೇಕು, ಇಲ್ಲವೇ ಅದರ ಬೆಲೆಯನ್ನು ತೆರಬೇಕು. ನಮ್ಮ ಹಳ್ಳಿಗಳ ತಳವಾರ ಆ ವ್ಯವಸ್ಥೆಯ ಕೊನೆಯ ಕೊಂಡಿ. ನಾನು ಬಾಲಕನಾಗಿದ್ದಾಗ ಕಂಡ ತಳವಾರನು ಬೆಲೆ ತೆರುವ ಸ್ಥಿತಿಯಲ್ಲಿರಲಿಲ್ಲ, ಪಾಪ. ಆದರೆ ಕಳೆದ ಎಮ್ಮೆಯನ್ನು ಗೊರಸಿನ ಗುರುತು ನೋಡಿ ಹುಡುಕಿಕೊಡುತ್ತಿದ್ದ. ಅದು ಕಳೆಯಿತೋ ಕಳವಾಯಿತೋ ಎಂದು ಎಂದೂ ಕೇಳಿದವನಲ್ಲ.

ಆಧುನಿಕ ವಿಮೆಯ ವಿಷಯದಲ್ಲಿಯೂ ಮೈಸೂರು ಸಂಸ್ಥಾನ ಹಿಂದೆ ಬಿದ್ದಿರಲಿಲ್ಲ. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ ಸರ್ಕಾರಿ ನೌಕರರಿಗೆ ಕಡ್ಡಾಯ ಜೀವವಿಮೆ ಜಾರಿಗೆ ಬಂತು. ಎಲ್.ಐ.ಸಿ. ಹುಟ್ಟಿದ್ದು 1956ರಲ್ಲಿ ಎಂಬುದನ್ನು ನೆನೆದರೆ ಇದರ ಹಿರಿತನ ತಿಳಿಯುತ್ತದೆ. ಅದೇ ಮುಂದೆ ಕೆ.ಜಿ.ಐ.ಡಿ. ಆಯಿತು. ನಮ್ಮ ಸಂಬಳದಲ್ಲಿ ಪ್ರತಿ ತಿಂಗಳೂ ಮುರಿದುಕೊಳ್ಳುತ್ತಿದ್ದಾಗ ಗೊಣಗುತ್ತಿದ್ದ ಉಪಾಧ್ಯಾಯರೇ ಮಗಳ ಮದುವೆಗೆ ಅದರಲ್ಲಿ ಸಾಲ ಎತ್ತಿ ಮಹಾರಾಜರನ್ನು ಹೊಗಳುತ್ತಿದ್ದರು!

ಇದಕ್ಕಿಂತ ಸೋಜಿಗವೆನಿಸಿದ್ದು ಜೆ. ಎಸ್. ಚಕ್ರವರ್ತಿಯವರ ಯೋಜನೆ. ಸಂಸ್ಥಾನದ ಅಧಿಕಾರಿಯಾಗಿದ್ದ ಅವರು ಮಳೆಗೇ ವಿಮೆ ಮಾಡಬೇಕೆಂದು ಸೂಚಿಸಿ, 1920ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದರು. ರೈತನ ಬೆಳೆ ಎಷ್ಟು ಹೋಯಿತು, ಯಾರ ತಪ್ಪಿನಿಂದ ಹೋಯಿತು ಎಂಬ ತನಿಖೆಯೇ ಬೇಡ. ಮಳೆಮಾಪಕದಲ್ಲಿ ಇಂತಿಷ್ಟಕ್ಕಿಂತ ಕಡಿಮೆ ಬಂದರೆ ಹಣ ಕೊಡಿ ಎಂಬುದು ಅದರ ಸಾರ. ಬರದ ಜಿಲ್ಲೆಯವರಾದ ನಮಗೆ ಇದರ ಬೆಲೆ ತಿಳಿಯದೆ? ಆಗ ಅದು ಜಾರಿಗೆ ಬರಲಿಲ್ಲ. ಅದೇ ಬಗೆಯ ಹವಾಮಾನ ಆಧಾರಿತ ಬೆಳೆ ವಿಮೆಯನ್ನು 2007ರ ಮುಂಗಾರಿನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ್ದೂ ಕರ್ನಾಟಕದಲ್ಲಿಯೇ. ಮೊಬೈಲಿಗೂ ಇಂಥದೊಂದು ಮಾಪಕವನ್ನು ಯಾರಾದರೂ ಕಂಡುಹಿಡಿಯಬಾರದೆ ಎನಿಸಿತು.

ಈಗ ನನ್ನ ಅರ್ಜಿಯ ಕಥೆಗೆ ಬರುತ್ತೇನೆ. ವಿಮೆಯ ವ್ಯವಹಾರ ಬಲ್ಲ ಶಿಷ್ಯನೊಬ್ಬ, ಅವನ ಹೆಸರು ಬೇಡ, ವಿಷಯ ಕೇಳಿ ಮನೆಗೇ ಬಂದ. "ಸಾರ್, ಜೇಬಿಂದ ಎತ್ತಿದರು ಅಂತ ಇನ್ನೊಂದು ಕಂಪ್ಲೇಂಟ್ ಕೊಡಿ. ಕಳ್ಳತನ ಅಂತ ಎಫ್.ಐ.ಆರ್. ಆಗಲಿ, ಮಿಕ್ಕಿದ್ದು ನನಗೆ ಬಿಡಿ" ಎಂದ. ಪ್ರೀತಿಯಿಂದಲೇ ಹೇಳಿದ ಮಾತು. "ಎತ್ತಿದ್ದನ್ನು ನಾನು ನೋಡಲಿಲ್ಲವಲ್ಲಪ್ಪಾ" ಎಂದೆ. "ಬಿದ್ದದ್ದನ್ನೂ ನೋಡಲಿಲ್ಲವಲ್ಲ ಸಾರ್!" ಎಂದ.

ಅವನ ಮಾತಿನಲ್ಲಿ ತರ್ಕವಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ನೋಡದಿದ್ದನ್ನು ನೋಡಿದಂತೆ ಬರೆದದ್ದು ಮೊದಲ ಅರ್ಜಿಯಲ್ಲಿಯೇ! ಅಜಾಗರೂಕತೆಯೆಂದು ನನಗೆ ಹೇಳಿದವರಾರು? ಬೆಳಿಗ್ಗೆ ಎದ್ದು, ಎರಡೂ ಅಲ್ಲದ ಮೂರನೆಯದೊಂದನ್ನು ಬರೆದೆ: "ಸಂಜೆ ಆರಕ್ಕೆ ಜೇಬಿನಲ್ಲಿತ್ತು, ಏಳೂವರೆಗೆ ಇರಲಿಲ್ಲ. ನಡುವೆ ಏನಾಯಿತೆಂದು ಅರಿಯೆ." ಕಂಪನಿಯವರು ಅದನ್ನೂ ಒಪ್ಪಲಿಲ್ಲ. ವಿಮಾ ಒಂಬುಡ್ಸ್‌ಮನ್ ಬಳಿಗೆ ಶುಲ್ಕವಿಲ್ಲದೆ ಹೋಗಬಹುದೆಂದೂ, ಗ್ರಾಹಕರ ಆಯೋಗವಿದೆಯೆಂದೂ ಶಿಷ್ಯ ಹೇಳಿದ. ಪಾಲಿಸಿಯ ಷರತ್ತುಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಕಾಣೆಯಾದದ್ದಕ್ಕೆ ಪರಿಹಾರವಿಲ್ಲವೆಂದು ಸ್ಪಷ್ಟವಾಗಿಯೇ ಇತ್ತು. ಕೊಳ್ಳುವಾಗ ಓದದೆ ಬಿಟ್ಟದ್ದು ನಮ್ಮ ತಪ್ಪು. ಅಲ್ಲಿಗೆ ಕೈಬಿಟ್ಟೆ.

ನಿಮಗೆ ಉಪಯೋಗಕ್ಕೆ ಬರುವ ಮಾತೊಂದಿದೆ. *#06# ಎಂದು ಒತ್ತಿದರೆ ಫೋನಿನ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆ ಬರುತ್ತದೆ, ಇಂದೇ ಡೈರಿಯಲ್ಲಿ ಬರೆದಿಡಿ. 2023ರಿಂದ ದೇಶಾದ್ಯಂತ ಇರುವ ಸಿ.ಇ.ಐ.ಆರ್. ವ್ಯವಸ್ಥೆಯಲ್ಲಿ ಪೊಲೀಸ್ ದೂರಿನ ಪ್ರತಿಯೊಂದಿಗೆ ಆ ಸಂಖ್ಯೆ ಕೊಟ್ಟರೆ, ಫೋನು ಯಾರ ಕೈಯಲ್ಲಿದ್ದರೂ ಕೆಲಸಕ್ಕೆ ಬಾರದಂತೆ ತಡೆಯುತ್ತಾರೆ. ಅಲ್ಲಿ ಕಳೆದದ್ದಕ್ಕೂ ಕಳವಾದದ್ದಕ್ಕೂ ಭೇದವಿಲ್ಲ. ನನ್ನದನ್ನೂ ತಡೆಹಿಡಿಸಿದ್ದೇನೆ.

ಫೋನಿಗಾಗಿ ನಾನು ಕೊರಗುತ್ತಿಲ್ಲ. ಅದರಲ್ಲಿ ನೀವು ಕಳುಹಿಸಿದ್ದ ಚಿತ್ರಗಳಿದ್ದವು. 1987ನೆಯ ಸಾಲಿನ ಹತ್ತನೆಯ ತರಗತಿಯವರು ಜೋಗಿಮಟ್ಟಿಗೆ ಹೋದಾಗ ತೆಗೆದದ್ದೊಂದು, ನನ್ನ ಬೀಳ್ಕೊಡುಗೆಯ ದಿನದ್ದೊಂದು. ಅವುಗಳ ಪ್ರತಿ ಯಾರಲ್ಲಾದರೂ ಇದ್ದರೆ ಮಗನ ಸಂಖ್ಯೆಗೆ ಕಳುಹಿಸಿಕೊಡಿ. ಹಿಂದಿನ ಸಾಲಿನಲ್ಲಿ ನಿಂತವರ ಹೆಸರನ್ನೂ ಬರೆಯಿರಿ; ಇಬ್ಬರದು ನನಗೆ ಮರೆತುಹೋಗಿದೆ.